ಏರಿದವನು ಬೀಳುವ ಬಗೆ: ಮ್ಯಾಕ್‌ಬೆತ್, ಕೌರವ ಮತ್ತು ದುರಂತ ನಾಯಕನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲದಲ್ಲಿ ತಾಳಮದ್ದಲೆಗೆ (ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ) ಕೂರುವವರು, ಕುಮಟಾ–ಹೊನ್ನಾವರದ ಹವ್ಯಾಸಿ ತಂಡದವರು, ಕಾರವಾರ–ಅಂಕೋಲೆಯಲ್ಲಿ ಷೇಕ್ಸ್‌ಪಿಯರ್ ಓದುತ್ತಿರುವ ವಿದ್ಯಾರ್ಥಿಗಳು ಬೇರೆ ಬೇರೆ ಮಾತಿನಲ್ಲಿ ಕೇಳುವುದು ಹೆಚ್ಚುಕಡಿಮೆ ಒಂದನ್ನೇ. ಇಷ್ಟು ದೊಡ್ಡ ಮನುಷ್ಯ ಹೀಗೇಕೆ ಹಾಳಾದ? ಅದನ್ನು ರಂಗದ ಮೇಲೆ, ಅರ್ಥದಲ್ಲಿ (ಪದ್ಯದ ಮೇಲೆ ಪಾತ್ರಧಾರಿ ಆಡುವ ಮಾತಿನಲ್ಲಿ), ಉತ್ತರಪತ್ರಿಕೆಯಲ್ಲಿ ತೋರಿಸುವುದು ಹೇಗೆ? ಇಲ್ಲಿ ಷೇಕ್ಸ್‌ಪಿಯರನ ನಾಟಕದಲ್ಲಿ ಅರಸನನ್ನು ಕೊಂದು ಪಟ್ಟಕ್ಕೇರುವ ಸೇನಾನಿ ಮ್ಯಾಕ್‌ಬೆತ್‌ನನ್ನೂ ಮಹಾಭಾರತದ ಕೌರವನನ್ನೂ, ಅಂದರೆ ದುರ್ಯೋಧನನನ್ನೂ, ಅಕ್ಕಪಕ್ಕ ಇಟ್ಟುಕೊಂಡಿದ್ದೇವೆ. ಇಬ್ಬರನ್ನೂ ಕೂಡಿಸಿ ನೋಡಿದರೆ ಒಬ್ಬೊಬ್ಬರೂ ಹೆಚ್ಚು ಸ್ಪಷ್ಟವಾಗುತ್ತಾರೆ.

ಪ್ರ. ಅತಿಯಾಸೆಯಿಂದ ಸತ್ತವರೆಲ್ಲ ದುರಂತ ನಾಯಕರೇ?

ಅಲ್ಲ. ಭಸ್ಮಾಸುರನನ್ನು ನೋಡಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ಕಣ್ಣಾರೆ ಕಂಡವರು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಊರೂರಲ್ಲಿ ಇದ್ದಾರೆ. ಮೋಹಿನಿಯ ಜೊತೆ ಕುಣಿಯುತ್ತ ಕುಣಿಯುತ್ತ ಕೈ ತನ್ನದೇ ತಲೆಯ ಕಡೆ ಏರುವಾಗ ಸಭೆ ಉಸಿರು ಬಿಗಿಹಿಡಿಯುತ್ತದೆ, ಆದರೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಏಕೆಂದರೆ ತನಗೆ ಏನಾಗುತ್ತಿದೆ ಎಂಬುದು ಅವನಿಗೆ ಕೊನೆಯ ಗಳಿಗೆಯವರೆಗೂ ತಿಳಿಯುವುದಿಲ್ಲ. ಅವನು ಮೋಸಹೋದವನು, ಅಷ್ಟೆ.

ದುರಂತ ನಾಯಕನಿಗೆ ಬೇರೆ ಲಕ್ಷಣ ಬೇಕು. ಅವನಲ್ಲಿ ನಾವು ಮೆಚ್ಚುವ ದೊಡ್ಡತನ ಒಂದಾದರೂ ಇರಬೇಕು. ಮಾಡಬಾರದು ಎಂದು ಅವನ ಒಳಗೇ ಒಂದು ದನಿ ಹೇಳಿರಬೇಕು, ಅದನ್ನು ಕೇಳಿಯೂ ಅವನು ಮಾಡಿರಬೇಕು. ಆಮೇಲೆ, ತಡವಾಗಿಯಾದರೂ, ಕಳೆದುಕೊಂಡದ್ದು ಏನೆಂದು ಅವನಿಗೇ ಅರಿವಾಗಬೇಕು. ಮೊದಲನೆಯದು ಇಲ್ಲದಿದ್ದರೆ ಅವನು ಬರೀ ಖಳ. ಎರಡನೆಯದು ಇಲ್ಲದಿದ್ದರೆ ವಿಧಿಗೆ ಸಿಕ್ಕಿದ ಬಡಪಾಯಿ. ಮೂರನೆಯದರ ಬಗ್ಗೆ ಕೌರವನ ವಿಷಯದಲ್ಲಿ ದೊಡ್ಡ ಜಗಳವೇ ಇದೆ, ಅದಕ್ಕೆ ಮುಂದೆ ಬರುತ್ತೇವೆ.

ಪ್ರ. ‘ಹಮಾರ್ತಿಯ’ ಅಂದರೆ ಸ್ವಭಾವದ ದೋಷವೋ, ಮಾಡಿದ ತಪ್ಪೋ?

ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಅರಿಸ್ಟಾಟಲ್ ಬಳಸಿದ ಈ ಗ್ರೀಕ್ ಶಬ್ದದ ಮೂಲದಲ್ಲಿರುವುದು ಗುರಿ ತಪ್ಪುವುದು ಎಂಬ ಅರ್ಥ. ನಮ್ಮ ತರಗತಿಗಳಲ್ಲಿ ಇದನ್ನು ‘ದುರಂತ ದೋಷ’ ಎಂದು ಹೇಳಿಕೊಡುವ ರೂಢಿ ಬಂದುಬಿಟ್ಟಿದೆ. ಅದರಿಂದ ಆಗುವ ನಷ್ಟ ಏನೆಂದರೆ, ವಿದ್ಯಾರ್ಥಿ ‘ಮ್ಯಾಕ್‌ಬೆತ್‌ಗೆ ಮಹತ್ವಾಕಾಂಕ್ಷೆ ಎಂಬ ದೋಷವಿತ್ತು’ ಎಂದು ಬರೆದು ಪೆನ್ನು ಕೆಳಗಿಡುತ್ತಾನೆ. ಜ್ವರ ಇತ್ತು ಎಂದ ಹಾಗೆ.

ಆಸೆ ತಾನಾಗಿ ತಪ್ಪಲ್ಲ. ನಾಟಕದ ಮೊದಲ ಅಂಕದಲ್ಲಿ ದಂಗೆಕೋರನನ್ನು ಯುದ್ಧಭೂಮಿಯಲ್ಲಿ ಸೀಳಿಹಾಕಿದ್ದೂ ಅದೇ ಕಸುವು. ಆಗ ಅರಸ ಮೆಚ್ಚಿ ಬಿರುದು ಕೊಟ್ಟ. ಆದ್ದರಿಂದ ದೋಷದ ಹೆಸರು ಹುಡುಕುವ ಬದಲು ಕ್ರಿಯಾಪದ ಹುಡುಕಿ. ಯಾವ ದೃಶ್ಯದಲ್ಲಿ, ಯಾರ ಮಾತು ಮೀರಿ, ಏನು ಮಾಡಿದ? ಈ ಮೂರಕ್ಕೆ ಉತ್ತರ ಸಿಕ್ಕರೆ ಗುರಿ ಎಲ್ಲಿ ತಪ್ಪಿತು ಎಂಬುದು ಸಿಕ್ಕಿತು.

ಪ್ರ. ಹಾಗಾದರೆ ಮ್ಯಾಕ್‌ಬೆತ್ ಸರಿಯಾಗಿ ಎಲ್ಲಿ ಬೀಳುತ್ತಾನೆ?

ಐದನೇ ಅಂಕದಲ್ಲಿ ಎದುರಾಳಿ ಸರದಾರ ಮ್ಯಾಕ್‌ಡಫ್‌ನ ಕತ್ತಿಗೆ ಸಿಕ್ಕಾಗ ಅಲ್ಲ. ಅಲ್ಲಿ ಬೀಳುವುದು ದೇಹ ಮಾತ್ರ. ಮೂರು ಕೊಲೆಗಳನ್ನು ಸಾಲಾಗಿಟ್ಟು ನೋಡಿದರೆ ಇಳಿಜಾರು ಕಣ್ಣಿಗೆ ಕಾಣುತ್ತದೆ.

ಮೊದಲನೆಯದು ಅರಸ ಡಂಕನ್‌ನದು. ಅದಕ್ಕೆ ಮೊದಲು, ಒಂದನೇ ಅಂಕದ ಏಳನೇ ದೃಶ್ಯದಲ್ಲಿ, ಮ್ಯಾಕ್‌ಬೆತ್ 28 ಸಾಲು ತನ್ನೊಂದಿಗೆ ತಾನೇ ವಾದಿಸುತ್ತಾನೆ. ನಾನು ಅವನ ಬಂಧು, ಪ್ರಜೆ, ಈಗ ಮನೆಗೆ ಬಂದ ಅತಿಥಿಗೆ ಆತಿಥೇಯ. ಬಾಗಿಲು ಮುಚ್ಚಿ ಕಾಯಬೇಕಾದವನು ಕತ್ತಿ ಹಿಡಿಯುವುದೇ? ಅರಸ ಸೌಮ್ಯ, ಕಳಂಕವಿಲ್ಲದವನು. ಕೊಲ್ಲಲು ನನಗೆ ಇರುವ ಒಂದೇ ಕಾರಣ, ಎಗರಿ ಆಚೆಗೆ ಬೀಳುವ ಈ ಮಹತ್ವಾಕಾಂಕ್ಷೆ. ಹೆಂಡತಿ ಬಂದಾಗ ‘ಈ ಕೆಲಸ ಇಲ್ಲಿಗೇ ಬಿಡೋಣ’ ಎಂದು ಬಾಯಿಬಿಟ್ಟು ಹೇಳಿಯೂಬಿಡುತ್ತಾನೆ. ಅದೇ ದೃಶ್ಯ ಮುಗಿಯುವಷ್ಟರಲ್ಲಿ ಒಪ್ಪಿಕೊಂಡಿರುತ್ತಾನೆ. ಬಿದ್ದದ್ದು ಇಲ್ಲಿ. ವಾದದಲ್ಲಿ ಗೆದ್ದಿದ್ದ, ಗೆದ್ದೂ ಸೋತ.

ಎರಡನೆಯದು ಗೆಳೆಯ ಬ್ಯಾಂಕೋನದು. ಇಲ್ಲಿ ಧರ್ಮದ ಮಾತು ಮಾಯವಾಗಿದೆ, ಉಳಿದಿರುವುದು ಲೆಕ್ಕ. ಮಾಟಗಾತಿಯರು ನುಡಿದಂತೆ ಬ್ಯಾಂಕೋನ ಸಂತತಿ ಆಳುವುದಾದರೆ ನಾನು ಆತ್ಮ ಮಾರಿಕೊಂಡದ್ದು ಅವನ ಮಕ್ಕಳಿಗಾಗಿಯೇ ಎಂಬ ಸಂಕಟ. ಕೈಯೂ ತನ್ನದಲ್ಲ, ಬಾಡಿಗೆ ಕೊಲೆಗಾರರದು. ಮಗ ಫ್ಲೀಯಾನ್ಸ್ ತಪ್ಪಿಸಿಕೊಳ್ಳುತ್ತಾನೆ, ಅಲ್ಲಿಂದ ಕಥೆ ಅವನ ಕೈ ಮೀರುತ್ತದೆ. ಅರಿಸ್ಟಾಟಲ್ ಹೇಳುವ ತಿರುವು ಇದೇ: ಭದ್ರವಾಗಲು ಮಾಡಿದ ಕೆಲಸವೇ ಅಭದ್ರ ಮಾಡಿತು.

ಮೂರನೆಯದು ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳದು. ಇದಕ್ಕೆ ವಾದವೂ ಇಲ್ಲ, ಲೆಕ್ಕವೂ ಇಲ್ಲ. ಮ್ಯಾಕ್‌ಡಫ್ ಆಗಲೇ ಇಂಗ್ಲೆಂಡಿಗೆ ಓಡಿಹೋಗಿದ್ದಾನೆ, ಆ ಕೂಸುಗಳನ್ನು ಕೊಂದು ಗಳಿಸುವುದು ಏನೂ ಇಲ್ಲ. ಇನ್ನು ಮುಂದೆ ಮನಸ್ಸಿಗೆ ಬಂದದ್ದು ಆ ಕ್ಷಣವೇ ಕೈಗೆ ಬರಬೇಕು ಎಂದು ನಾಲ್ಕನೇ ಅಂಕದಲ್ಲಿ ತೀರ್ಮಾನಿಸುತ್ತಾನೆ. ಒಂದನೇ ಅಂಕದಲ್ಲಿ ಮನಸ್ಸಿಗೂ ಕೈಗೂ ನಡುವೆ 28 ಸಾಲಿನ ದೂರವಿತ್ತು. ಈಗ ಒಂದು ಉಸಿರಿನ ದೂರವೂ ಇಲ್ಲ.

ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ, ನಾವು ಈ ಪುಟದಲ್ಲಿ ಮತ್ತೆ ಮತ್ತೆ ಅದಕ್ಕೇ ಬರುತ್ತೇವೆ. ಮೂರನೇ ಅಂಕದ ಔತಣ ಮುಗಿದ ಮೇಲೆ ಮ್ಯಾಕ್‌ಬೆತ್‌ಗೆ ಸಿಂಹಾಸನದ ಆಸೆಯೇ ಇಲ್ಲ. ರಕ್ತದ ಹೊಳೆಯಲ್ಲಿ ಇಷ್ಟು ದೂರ ಬಂದಿದ್ದೇನೆ, ಹಿಂದಕ್ಕೆ ಹೋಗುವುದೂ ಮುಂದಕ್ಕೆ ಹೋದಷ್ಟೇ ಕಷ್ಟ ಎನ್ನುತ್ತಾನೆ. ಸುಖಕ್ಕಾಗಿ ಹೊರಟವನ ಮಾತಲ್ಲ ಇದು. ಅವನ ಆಸೆ ಅವನಿಗಿಂತ ಎರಡು ಅಂಕ ಮೊದಲೇ ಸತ್ತಿದೆ. ಆ ಎರಡು ಅಂಕ ಅವನು ಆಸೆಯಿಲ್ಲದೆ ಬರೀ ಹಠದಲ್ಲಿ ಬದುಕುತ್ತಾನೆ. ನಟ ಇದನ್ನು ಹಿಡಿಯದಿದ್ದರೆ ಮಿಕ್ಕದ್ದೆಲ್ಲ ಚೆನ್ನಾಗಿದ್ದರೂ ನಾಟಕ ನಿಲ್ಲುವುದಿಲ್ಲ.

ಪ್ರ. ಮಾಟಗಾತಿಯರು ಹೇಳಿದ್ದರಿಂದ ತಾನೇ ಇಷ್ಟೆಲ್ಲ ಆದದ್ದು?

ಅವರು ಅರಸನಾಗುತ್ತೀ ಎಂದರು, ಕೊಲ್ಲು ಎನ್ನಲಿಲ್ಲ. ಅದೇ ಮಾತನ್ನು ಪಕ್ಕದಲ್ಲೇ ನಿಂತು ಕೇಳಿದ ಬ್ಯಾಂಕೋ ಯಾರನ್ನೂ ಕೊಲ್ಲಲಿಲ್ಲ. ವಿಧಿಯ ಮೇಲೆ ಹೊಣೆ ಹಾಕುವವರಿಗೆ ಬ್ಯಾಂಕೋ ಒಬ್ಬನೇ ಸಾಕಾದಷ್ಟು ಉತ್ತರ.

ಪ್ರ. ಹೆಂಡತಿಯೇ ಕಾರಣ ಎಂದು ಬರೆಯಬಹುದೇ?

ಬರೆದರೆ ಅರ್ಧ ನಾಟಕ ಬಿಟ್ಟ ಹಾಗೆ. ಡಂಕನ್‌ನ ಕೊಲೆಗೆ ಅವಳು ನೂಕಿದ್ದು ನಿಜ, ಗಂಡಸುತನದ ಮಾತೆತ್ತಿ ಚುಚ್ಚಿದ್ದು ನಿಜ. ಆದರೆ ಬ್ಯಾಂಕೋನ ಕೊಲೆಯನ್ನು ಅವನು ಅವಳಿಗೆ ಹೇಳುವುದೇ ಇಲ್ಲ. ನೀನು ತಿಳಿಯದೆ ಇರು, ಆದ ಮೇಲೆ ಮೆಚ್ಚು ಎನ್ನುತ್ತಾನೆ. ಅಲ್ಲಿಂದ ಅವಳು ಒಬ್ಬಂಟಿ. ಮಲಗಿದ್ದ ಅರಸ ತನ್ನ ತಂದೆಯಂತೆ ಕಂಡದ್ದರಿಂದ ತಾನೇ ಇರಿಯಲಾಗಲಿಲ್ಲ ಎಂದು ಅವಳು ಎರಡನೇ ಅಂಕದಲ್ಲಿ ಮೆಲ್ಲಗೆ ಆಡುವ ಮಾತನ್ನು ಬಹಳ ತಂಡಗಳು ಕತ್ತರಿಸಿಬಿಡುತ್ತವೆ. ದಯವಿಟ್ಟು ಕತ್ತರಿಸಬೇಡಿ. ಐದನೇ ಅಂಕದಲ್ಲಿ ಅವಳು ನಿದ್ದೆಯಲ್ಲಿ ಎದ್ದು ನಡೆಯುವುದಕ್ಕೆ ಬೀಜ ಅಲ್ಲಿದೆ.

ಪ್ರ. ನಮ್ಮ ಕೌರವನನ್ನು ದುರಂತ ನಾಯಕ ಎನ್ನಬಹುದೇ?

ಯಾರ ಕೌರವ ಎಂಬುದರ ಮೇಲೆ ಹೋಗುತ್ತದೆ.

ವ್ಯಾಸಭಾರತದ ಶಲ್ಯಪರ್ವದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನ ಪಶ್ಚಾತ್ತಾಪ ಪಡುವುದಿಲ್ಲ. ಓದಿದೆ, ದಾನ ಮಾಡಿದೆ, ಭೂಮಿ ಆಳಿದೆ, ಶತ್ರುಗಳ ತಲೆಯ ಮೇಲೆ ನಿಂತೆ, ಕ್ಷತ್ರಿಯನ ಸಾವು ಸಾಯುತ್ತಿದ್ದೇನೆ, ನನಗಿಂತ ಧನ್ಯ ಯಾರು ಎಂದು ಕೇಳುತ್ತಾನೆ. ಆಕಾಶದಿಂದ ಹೂಮಳೆ ಸುರಿಯುತ್ತದೆ. ದೊಡ್ಡತನ ಇದೆ, ಅರಿವು ಇಲ್ಲ.

ಭಾಸನ ಹೆಸರಿನಲ್ಲಿರುವ ಊರುಭಂಗ ಎಂಬ ಏಕಾಂಕದಲ್ಲಿ ಚಿತ್ರವೇ ಬೇರೆ. ಅಲ್ಲಿ ಪುಟ್ಟ ಮಗ ದುರ್ಜಯ ಓಡಿಬಂದು ತೊಡೆಯ ಮೇಲೆ ಕೂರಲು ಹೋಗುತ್ತಾನೆ. ತಂದೆ ತಡೆಯಬೇಕಾಗುತ್ತದೆ, ಏಕೆಂದರೆ ಕೂರಿಸಿಕೊಳ್ಳಲು ತೊಡೆಯೇ ಇಲ್ಲ. ದ್ರೌಪದಿಗೆ ತೋರಿಸಿದ ತೊಡೆ ಅದು. ಇಡೀ ಭಾರತದ ಲೆಕ್ಕ ಆ ಒಂದು ಚಲನೆಯಲ್ಲಿ ಚುಕ್ತಾ ಆಗುತ್ತದೆ, ಮಾತೇ ಬೇಡ. ಈ ದುರ್ಯೋಧನ ಬಲರಾಮನ ಸಿಟ್ಟನ್ನು ತಣಿಸುತ್ತಾನೆ, ಪಾಂಡವರನ್ನು ನನ್ನಂತೆಯೇ ಕಂಡು ನಡೆ ಎಂದು ಮಗನಿಗೆ ಹೇಳುತ್ತಾನೆ. ಇಲ್ಲಿ ಅರಿವು ಪೂರ್ತಿ ಇದೆ.

ಗದಾಯುದ್ಧ ಬರೆದ ನಮ್ಮ ಕವಿ ರನ್ನ ಇವೆರಡರ ನಡುವೆ ನಿಲ್ಲುತ್ತಾನೆ, ಮ್ಯಾಕ್‌ಬೆತ್‌ಗೆ ಹತ್ತಿರದವನೂ ಇವನ ದುರ್ಯೋಧನನೇ. ಸಂಜಯನ ಜೊತೆ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ಮಗ ಲಕ್ಷಣಕುಮಾರನ ಮುಂದೆ ನಿಂತು, ತಂದೆಗೆ ಮಗ ತರ್ಪಣ ಕೊಡಬೇಕಿತ್ತು, ನೀನು ಕ್ರಮ ತಿರುಗಿಸಿಬಿಟ್ಟೆಯಲ್ಲ ಎಂದು ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿಗೆ ಕೈಮುಗಿದು, ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಹೊಂದಿದ ಸಾವು ನನಗೆ ಬರಲಿ ಎಂದು ಬೇಡುತ್ತಾನೆ. ಆಮೇಲೆ ಭೀಷ್ಮರು ಸಂಧಿ ಮಾಡಿಕೋ ಎಂದಾಗ ಅವನು ಕೊಡುವ ಉತ್ತರ ಹತ್ತನೇ ತರಗತಿಯಲ್ಲಿ ‘ಛಲಮನೆ ಮೆಱೆವೆಂ’ ಓದಿದವರಿಗೆ ನೆನಪಿರುತ್ತದೆ: ನೆಲಕ್ಕಾಗಿ ಹೋರಾಡುತ್ತೇನೆ ಎಂದುಕೊಂಡಿರಾ, ಛಲಕ್ಕಾಗಿ ಹೋರಾಡುತ್ತೇನೆ, ಈ ನೆಲ ನನಗೆ ಹಾಳು ನೆಲ.

ಸೂಜಿಮೊನೆಯಷ್ಟು ಜಾಗ ಕೊಡೆನೆಂದವನು ಆಡುವ ಮಾತಲ್ಲವೇ ಇದು? ಯಾವ ನೆಲಕ್ಕಾಗಿ ಹದಿನೆಂಟು ಅಕ್ಷೋಹಿಣಿ ಸತ್ತಿತೋ ಆ ನೆಲ ಈಗ ಬೇಡ. ಆಸೆ ಹೋಯಿತು, ಛಲ ಉಳಿಯಿತು. ಪಂಪ 941ರಲ್ಲೇ ‘ಛಲದೊಳ್ ದುರ್ಯೋಧನಂ’ ಎಂದಿದ್ದು ಹೊಗಳಿಕೆ. ರನ್ನ ಅದೇ ಛಲವನ್ನು ಹೆಣಗಳ ನಡುವೆ ನಡೆಸಿ ತೋರಿಸಿದ, ಹೊಗಳಿಕೆಯೊಳಗೆ ನೋವು ತುಂಬಿದ.

ಪ್ರ. ‘ಜಾನಾಮಿ ಧರ್ಮಂ ನ ಚ ಮೇ ಪ್ರವೃತ್ತಿಃ’ ಮಹಾಭಾರತದ್ದೇ?

ಅಲ್ಲ. ಪಾಂಡವಗೀತೆ ಎಂಬ ಸ್ತೋತ್ರಸಂಗ್ರಹದಲ್ಲಿ ದುರ್ಯೋಧನನ ಬಾಯಲ್ಲಿ ಬರುವ ಶ್ಲೋಕ. ಧರ್ಮ ಗೊತ್ತು, ಮನಸ್ಸು ಹೋಗದು. ಅಧರ್ಮ ಗೊತ್ತು, ಬಿಡಲಾಗದು. ಪಾತ್ರಕ್ಕೆ ಇಷ್ಟು ಚೆನ್ನಾಗಿ ಒಪ್ಪುತ್ತದೆ ಎಂದೇ ಎಲ್ಲರೂ ಭಾರತದ್ದೆಂದು ನಂಬಿದ್ದಾರೆ. ಅರ್ಥದಲ್ಲಿ ಬಳಸಿ, ‘ವ್ಯಾಸರು ಹೇಳಿದಂತೆ’ ಎಂದು ಮಾತ್ರ ಸೇರಿಸಬೇಡಿ.

ಪ್ರ. ಕೃಷ್ಣಸಂಧಾನದ ತಾಳಮದ್ದಲೆಯಲ್ಲಿ ಕೌರವನ ಅರ್ಥ ಹೇಳಬೇಕು. ಎಲ್ಲಿ ತಪ್ಪುತ್ತದೆ?

ಹೊಸಬರದು ಹೆಚ್ಚಾಗಿ ಆರಂಭದಲ್ಲೇ ತಪ್ಪುತ್ತದೆ. ಮೊದಲ ಪದ್ಯಕ್ಕೇ ಗಂಟಲು ಹರಿದುಕೊಂಡರೆ ಮುಂದಿನ ಎರಡು ತಾಸು ಏರಲು ಮೆಟ್ಟಿಲೇ ಇರುವುದಿಲ್ಲ. ಕೌರವ ಆ ಹೊತ್ತಿಗೆ ಹಸ್ತಿನಾವತಿಯನ್ನು ಆಳುತ್ತಿರುವ ಅರಸ, ದೂತನನ್ನು ಬರಮಾಡಿಕೊಳ್ಳುತ್ತಿದ್ದಾನೆ. ಮೊದಲ ಅರ್ಧ ತಾಸು ಅವನಿಗಿಂತ ಸೌಜನ್ಯವಂತ ಸಭೆಯಲ್ಲಿ ಇನ್ನೊಬ್ಬನಿಲ್ಲ ಎನ್ನಿಸಬೇಕು. ಕೃಷ್ಣನ ಅರ್ಥಧಾರಿಗೂ ಅದರಿಂದ ಅನುಕೂಲ.

ಆಮೇಲೆ ವಾದ. ಕೌರವನ ಕೈಯಲ್ಲಿ ನಿಜವಾದ ಅಂಶಗಳಿವೆ, ಅವನ್ನು ಗಟ್ಟಿಯಾಗಿ ಇಡಿ. ಧೃತರಾಷ್ಟ್ರ ಹಿರಿಯ, ಕುರುಡುತನದ ನೆಪದಲ್ಲಿ ಪಟ್ಟ ತಪ್ಪಿತು, ಮಗನ ಹಕ್ಕೂ ತಪ್ಪಬೇಕೇ? ಜೂಜಿಗೆ ಧರ್ಮರಾಯ ತಾನೇ ಬಂದು ಕೂತ. ಅಜ್ಞಾತವಾಸದ ಅವಧಿ ತುಂಬುವ ಮೊದಲೇ ವಿರಾಟನಗರದಲ್ಲಿ ಅರ್ಜುನ ಕಾಣಿಸಿಕೊಂಡ. ಈ ಕೊನೆಯದಕ್ಕೆ ಭೀಷ್ಮರ ಉತ್ತರ ವಿರಾಟಪರ್ವದಲ್ಲೇ ಇದೆ: ಐದು ವರ್ಷಕ್ಕೆ ಎರಡು ಅಧಿಕಮಾಸದಂತೆ ಹದಿಮೂರು ವರ್ಷಕ್ಕೆ ಐದು ತಿಂಗಳು ಹನ್ನೆರಡು ರಾತ್ರಿ ಹೆಚ್ಚಾಗುತ್ತದೆ, ಅವಧಿ ಮುಗಿದಿದೆ. ಎದುರು ಕೂತವರು ಅನುಭವಿಗಳಾದರೆ ಇದನ್ನು ಎತ್ತಿಯೇ ಎತ್ತುತ್ತಾರೆ, ಲೆಕ್ಕ ಬಾಯಿಪಾಠ ಇರಲಿ.

ಇನ್ನೊಂದು ಬಗೆಯ ತಪ್ಪು ಪಳಗಿದವರದು. ಜಾಣತನದಿಂದ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟು ಕೃಷ್ಣನನ್ನೇ ಸುಮ್ಮನಾಗಿಸುತ್ತಾರೆ. ಚಪ್ಪಾಳೆ ಬೀಳುತ್ತದೆ, ಪಾತ್ರ ಸಾಯುತ್ತದೆ. ಕೌರವ ನಿರುತ್ತರನಾಗುವ ಒಂದು ಗಳಿಗೆ ಬೇಕೇ ಬೇಕು. ಐದೇ ಹಳ್ಳಿ ಕೇಳಿದಾಗ, ಅಥವಾ ಗಾಂಧಾರಿಯನ್ನು ಸಭೆಗೆ ಕರೆಸಿದಾಗ. ತಾಯಿ ಕೇಳಿದ ಪ್ರಶ್ನೆಗೆ ಎರಡು ಕ್ಷಣ ಸುಮ್ಮನಿರಿ. ಮದ್ದಳೆಯೂ ಮಾತಾಡದಿರಲಿ, ಪದ್ಯ ಹಾಡುವ ಭಾಗವತರಿಗೆ ಮೊದಲೇ ಹೇಳಿಡಿ. ಆಮೇಲೆ ‘ಕೊಡುವುದಿಲ್ಲ’ ಎನ್ನಿ. ಕಾರಣ ಸೇರಿಸಬೇಡಿ. ಮ್ಯಾಕ್‌ಬೆತ್ ವಾದದಲ್ಲಿ ಗೆದ್ದೂ ಸೋತ ಜಾಗ ಇದೇ, ನಮ್ಮ ಕಡೆಯಿಂದ ನೋಡಿದರೆ.

ವೈಯಕ್ತಿಕ ನಿಂದೆ, ಜಾತಿಯ ಮಾತು, ಎದುರಿನವರ ಕಾಲೆಳೆಯುವ ಹಾಸ್ಯ ಈ ಪಾತ್ರಕ್ಕೆ ವಿಷ.

ಪ್ರ. ಮ್ಯಾಕ್‌ಬೆತ್‌ನನ್ನು ಯಕ್ಷಗಾನದ ಚೌಕಟ್ಟಿಗೆ ತರಬಹುದೇ?

ಬಹುದು. ಕನ್ನಡಕ್ಕೆ ಈ ನಾಟಕ 19ನೇ ಶತಮಾನದ ಕೊನೆಗೇ ‘ಪ್ರತಾಪರುದ್ರದೇವ’ ಎಂಬ ರೂಪಾಂತರವಾಗಿ ಬಂದಿತ್ತು. 1979ರಲ್ಲಿ ಬಿ.ವಿ. ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ ‘ಬರ್ನಂ ವನ’ ಎಂದು ಹಿಂದಿಯಲ್ಲಿ ಆಡಿಸಿದಾಗ ಯಕ್ಷಗಾನದ ನಡೆ, ತಾಳಗಳನ್ನೇ ತೆಗೆದುಕೊಂಡರು. ದಾರಿ ಹೊಸದಲ್ಲ.

ಬಡಗುತಿಟ್ಟಿನ ಯಕ್ಷಗಾನ ತಂಡಗಳಿಗೆ ನಮ್ಮ ಸಲಹೆ ಒಡ್ಡೋಲಗದಿಂದ, ಅಂದರೆ ಪಾತ್ರ ಕುಣಿಯುತ್ತ ರಂಗಕ್ಕೆ ಬರುವ ಕ್ರಮದಿಂದ, ಶುರುವಾಗುತ್ತದೆ. ಮ್ಯಾಕ್‌ಬೆತ್‌ಗೆ ಎರಡು ಒಡ್ಡೋಲಗ ಕೊಡಿ. ಮೊದಲನೆಯದು ಯುದ್ಧ ಗೆದ್ದು ಬರುವ ವೀರನದು, ಪೂರ್ತಿ, ಸಾಂಗವಾಗಿ, ಏಳೆಂಟು ನಿಮಿಷ. ಇಲ್ಲಿ ಸಭೆ ಅವನನ್ನು ಪ್ರೀತಿಸಿಬಿಡಬೇಕು. ಎರಡನೆಯದು ಅರಸನಾದ ಮೇಲೆ ಔತಣದ ದಿನ. ಅದೇ ನಡೆ, ಅದೇ ಚಂಡೆ, ಆದರೆ ಮುಕ್ತಾಯಕ್ಕೆ ಬರುವ ಮೊದಲು ತೆರೆ ಸರಿದು ಅವನ ಪೀಠದ ಮೇಲೆ ಸತ್ತ ಬ್ಯಾಂಕೋನ ಪ್ರೇತ ಕೂತಿರುತ್ತದೆ. ಚಂಡೆ ಅರ್ಧಕ್ಕೇ ನಿಲ್ಲಬೇಕು. ಮುಗಿಯದ ಒಡ್ಡೋಲಗ ನಮ್ಮ ಪ್ರೇಕ್ಷಕರ ಕಿವಿಗೆ ಕೊಡುವ ಕಸಿವಿಸಿಯನ್ನು ಬೇರಾವ ಉಪಾಯವೂ ಕೊಡದು. ಎಲ್ಲಿ ಮುಕ್ತಾಯ ಬರಬೇಕೆಂದು ಅವರಿಗೆ ಮೈಯಲ್ಲೇ ಗೊತ್ತಿರುತ್ತದೆ.

ತಾಳದ ಆಯ್ಕೆಯಲ್ಲೂ ಇಳಿಜಾರು ಕೇಳಿಸಲಿ. ಡಂಕನ್‌ನ ಕೊಲೆಗೆ ಮುಂಚಿನ ತೊಳಲಾಟಕ್ಕೆ ಹತ್ತು ಅಕ್ಷರದ ಝಂಪೆ, ವಿಳಂಬದಲ್ಲಿ. ಬ್ಯಾಂಕೋನ ವಿಷಯಕ್ಕೆ ಏಳಕ್ಷರದ ತ್ರಿವುಡೆ. ಮ್ಯಾಕ್‌ಡಫ್‌ನ ಮನೆಯ ಮೇಲೆ ಆಳು ಬಿಡುವಾಗ ನಾಲ್ಕಕ್ಷರದ ಏಕ, ಚುರುಕಾಗಿ, ಅರ್ಥವಿಲ್ಲದೆ ಪದ್ಯದಲ್ಲೇ ಮುಗಿಸಿ. ಯೋಚನೆಗೆ ಜಾಗ ಕಡಿಮೆಯಾಗುತ್ತ ಹೋಗುವುದನ್ನು ಕೈತಾಳವೇ ಹೇಳುತ್ತದೆ.

ಐದನೇ ಅಂಕದಲ್ಲಿ ಸೈನಿಕರು ಕೊಂಬೆ ಹಿಡಿದು, ಬರ್ನಂ ಕಾಡೇ ನಡೆದು ಬಂದಂತೆ ಬರುವುದನ್ನು ಘಟ್ಟದ ಮೇಲಿನವರಿಗೆ ವಿವರಿಸಬೇಕಾಗಿಲ್ಲ. ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ಸೊಪ್ಪಿನ ಹೊರೆ ಹೊತ್ತು ಸಾಲಾಗಿ ಇಳಿಯುವವರನ್ನು ದೂರದಿಂದ ನೋಡಿದರೆ ಆಳು ಕಾಣುವುದಿಲ್ಲ, ಹಸಿರೇ ಇಳಿದು ಬರುತ್ತದೆ. ಅದೇ ನಡಿಗೆ ತನ್ನಿ. ಒಬ್ಬರಿಗೆ ಒಂದು ಹೊರೆ, ಆರು ಜನ ಸಾಕು. ಒಣ ಅಡಿಕೆ ಸೋಗೆ ಮಾತ್ರ ಬೇಡ: ಮೈಕಿನ ಹತ್ತಿರ ಬಂದರೆ ಅದರ ಸರಪರ ಸದ್ದಿಗೆ ಭಾಗವತರ ಪದ್ಯವೇ ಕೇಳುವುದಿಲ್ಲ. ಹಸಿ ಸೊಪ್ಪು ಅದೇ ದಿನ ಸಂಜೆ ಕೊಯ್ದು ನೀರು ಚಿಮುಕಿಸಿಡಿ. ಕರಾವಳಿಯಲ್ಲಿ ಮಧ್ಯಾಹ್ನ ಕೊಯ್ದರೆ ಆಟದ ಹೊತ್ತಿಗೆ ಬಾಡಿ ಜೋತುಬೀಳುತ್ತದೆ.

ಪ್ರ. ಒಂದೂವರೆ ತಾಸಿಗೆ ಇಳಿಸಬೇಕು. ಯಾವುದನ್ನು ಬಿಡುವುದು?

ಷೇಕ್ಸ್‌ಪಿಯರನ ದುರಂತಗಳಲ್ಲಿ ಇದೇ ಅತಿ ಚಿಕ್ಕದು, ಸುಮಾರು 2,100 ಸಾಲು. ಹ್ಯಾಮ್ಲೆಟ್ ಇದರ ಹತ್ತಿರ ಹತ್ತಿರ ಎರಡು ಪಟ್ಟು. ಆದ್ದರಿಂದ ಕತ್ತರಿ ಹಿಡಿಯುವಾಗ ಕೈ ಹಗುರ ಇರಲಿ. ಮಾಟಗಾತಿಯರ ಒಡತಿ ಹೆಕಟೆಯ ದೃಶ್ಯ, ಡಂಕನ್‌ನ ಮಗ ಮಾಲ್ಕಂ ಇಂಗ್ಲೆಂಡಿನಲ್ಲಿ ಮ್ಯಾಕ್‌ಡಫ್‌ನನ್ನು ಪರೀಕ್ಷಿಸುವ ಉದ್ದ ಸಂಭಾಷಣೆಯ ಮುಕ್ಕಾಲು ಪಾಲು, ಐದನೇ ಅಂಕದ ಸೈನ್ಯ ಸೇರುವ ಚಿಕ್ಕ ದೃಶ್ಯಗಳು ಹೋಗಬಹುದು. ಮೊದಲೆರಡು ಅಂಕಕ್ಕೆ 45 ನಿಮಿಷ, ಮೂರನೆಯದಕ್ಕೆ 20, ಕೊನೆಯ ಎರಡಕ್ಕೆ 25 ಎಂದು ಹಂಚಿಕೊಳ್ಳಿ.

ಮೊದಲಿಗೆ ಇಷ್ಟು ಹೊತ್ತೇ ಎಂದು ಕೇಳುತ್ತಾರೆ. ಹೌದು. ಹೆಚ್ಚಿನ ತಂಡಗಳು ಕೊಲೆಗೆ ಬೇಗ ತಲುಪುವ ಅವಸರದಲ್ಲಿ ಆ 28 ಸಾಲನ್ನು ಎಂಟು ಮಾಡುತ್ತವೆ. ಆಗ ಪ್ರೇಕ್ಷಕರಿಗೆ ಕಾಣುವುದು ಒಬ್ಬ ಕೊಲೆಗಾರ ಮಾತ್ರ, ಅವನಿಗಾಗಿ ಯಾರಿಗೂ ಏನೂ ಅನ್ನಿಸುವುದಿಲ್ಲ. ಮ್ಯಾಕ್‌ಡಫ್‌ನ ಮಗು ತಾಯಿಯ ಜೊತೆ ಹರಟುವ ದೃಶ್ಯವನ್ನೂ ಉಳಿಸಿಕೊಳ್ಳಿ. ಮೂರೇ ನಿಮಿಷವಾದರೂ ಸಾಕು.

ಪ್ರ. ರಂಗದ ಮೇಲೆ ರಕ್ತ ತೋರಿಸಬೇಕೇ? ಹೇಗೆ ಮಾಡುವುದು?

ಎರಡನೇ ಅಂಕದ ಎರಡನೇ ದೃಶ್ಯದಲ್ಲಿ ಬೇಕು. ಕೊಲೆ ಒಳಗೆ ನಡೆಯುತ್ತದೆ, ನಮಗೆ ಕಾಣುವುದು ಹೊರಬಂದ ಕೈ. ಅಲ್ಲೇ ಬಿಟ್ಟುಬರಬೇಕಿದ್ದ ಎರಡು ಬಾಕುಗಳನ್ನು ಅವನು ಹಿಡಿದುಕೊಂಡೇ ಬಂದಿದ್ದಾನೆ, ತನ್ನ ಕೈಯಲ್ಲಿ ಇರುವುದೇ ಅವನಿಗೆ ತಿಳಿದಿಲ್ಲ. ಹೆಂಡತಿ ನೋಡಿ ಹೇಳುವವರೆಗೂ ನಟ ಕೈ ಕಡೆ ನೋಡಬಾರದು. ಎಷ್ಟು ಹಿಡಿತದ ನಟನೂ ಇಲ್ಲಿ ಒಮ್ಮೆ ಕೆಳಗೆ ನೋಡಿಬಿಡುತ್ತಾನೆ, ತಾಲೀಮಿನಲ್ಲಿ ಇದನ್ನೇ ತಿದ್ದಬೇಕು.

ಬಣ್ಣಕ್ಕೆ ಮನೆಯ ಓಕುಳಿಯೇ ಸಾಕು. ಅರ್ಧ ಲೋಟ ನೀರಿಗೆ ಒಂದು ಚಮಚ ಅರಿಶಿನ, ಕಡಲೆಕಾಳಿನಷ್ಟು ಎಲೆಯಡಿಕೆಯ ಸುಣ್ಣ. ಕೆಂಪಾದ ಮೇಲೆ ತೆಳು ಅಕ್ಕಿಗಂಜಿ ಎರಡು ಚಮಚ ಸೇರಿಸಿದರೆ ಕೈಯಿಂದ ನೀರಿನಂತೆ ಸುರಿಯದೆ ಅಂಟಿ ನಿಲ್ಲುತ್ತದೆ. ತೀರ ಕಿತ್ತಳೆಯಾಗಿ ಕಂಡರೆ ಒಂದು ಚಿಟಿಕೆ ಇದ್ದಿಲ ಪುಡಿ. ನಿಂಬೆಯಾಗಲಿ ಮುರುಗಲಾಗಲಿ ಹತ್ತಿರ ತರಬೇಡಿ, ಹುಳಿ ತಾಗಿದ ಕೂಡಲೇ ಓಕುಳಿ ಮತ್ತೆ ಹಳದಿಗೆ ತಿರುಗುತ್ತದೆ. ಸುಣ್ಣ ಹೆಚ್ಚಾದರೆ ಚರ್ಮ ಉರಿಯುತ್ತದೆ, ಕಣ್ಣಿಗಂತೂ ಹೋಗಲೇಬಾರದು. ಮುಖಕ್ಕೆ ಬಳಸಬೇಡಿ.

ನಿದ್ದೆಯಲ್ಲಿ ನಡೆಯುವ ದೃಶ್ಯದಲ್ಲಿ ಮಾತ್ರ ಕೈ ಸ್ವಚ್ಛವಾಗಿರಬೇಕು. ಕಲೆ ಇರುವುದು ಅವಳ ಕಣ್ಣಿಗೆ ಮಾತ್ರ. ಆದರೆ ಆ ಪಾತ್ರ ಮಾಡುವವರು ತಾಲೀಮಿನ ಒಂದು ದಿನ ಹೀಗೆ ಮಾಡಿ ನೋಡಲಿ: ಅಂಗೈಗೆ ಒಣ ಅರಿಶಿನ ತಿಕ್ಕಿಕೊಂಡು ಬಟ್ಟೆ ಸೋಪಿನಲ್ಲಿ ತೊಳೆಯಿರಿ. ಹಳದಿ ಹೋಗಬೇಕಾದ ಜಾಗದಲ್ಲಿ ಕೆಂಪು ಏಳುತ್ತದೆ, ಉಜ್ಜಿದಷ್ಟೂ ಏಳುತ್ತದೆ. ಆಗ ಮುಖದಲ್ಲಿ ತಾನಾಗಿ ಬರುವ ಗಾಬರಿ ಇದೆಯಲ್ಲ, ಅದನ್ನು ನೆನಪಿಟ್ಟುಕೊಂಡರೆ ಸಾಕು.

ಪ್ರ. ಚರಿತ್ರೆಯ ಮ್ಯಾಕ್‌ಬೆತ್ ಇಷ್ಟು ಕೆಟ್ಟವನಾಗಿದ್ದನೇ?

ಇಲ್ಲ. ಸ್ಕಾಟ್ಲೆಂಡನ್ನು 1040ರಿಂದ 1057ರವರೆಗೆ ಆಳಿದ ಅರಸ ಅವನು. ಡಂಕನ್ ಸತ್ತದ್ದು ಯುದ್ಧದಲ್ಲಿ, ಹಾಸಿಗೆಯಲ್ಲಿ ಅಲ್ಲ, ಮುದುಕನೂ ಆಗಿರಲಿಲ್ಲ. ಷೇಕ್ಸ್‌ಪಿಯರ್ 1606ರ ಸುಮಾರಿಗೆ ಬರೆಯುವಾಗ ಹಾಲಿನ್‌ಶೆಡ್‌ನ ವೃತ್ತಾಂತದಿಂದ ಕಥೆ ತೆಗೆದುಕೊಂಡು 17 ವರ್ಷವನ್ನು ಕೆಲವು ವಾರಗಳಂತೆ ಬಿಗಿದ. ಆ ಬಿಗಿತದಿಂದಲೇ ಒಂದು ತಪ್ಪು ಇನ್ನೊಂದರ ಮೇಲೆ ಮುಗ್ಗರಿಸುವುದು ನಮಗೆ ಕಾಣುವುದು.

ಪ್ರ. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಹೇಗೆ ಬರೆಯಲಿ?

ವ್ಯಾಖ್ಯೆಯನ್ನು ಎರಡು ವಾಕ್ಯಕ್ಕೆ ಮುಗಿಸಿ. ಮೂರು ಕೊಲೆಗಳನ್ನು ದೃಶ್ಯದ ಸಂಖ್ಯೆಯೊಂದಿಗೆ ಹೋಲಿಸಿ, ಉತ್ತರದ ಅರ್ಧ ಇದಕ್ಕೇ ಹೋಗಲಿ. ಆಸೆ ಮುಗಿದ ಮೇಲೂ ಕೈ ನಿಲ್ಲದ್ದನ್ನು ಹೇಳಿ, ಕನ್ನಡ ಮಾಧ್ಯಮದವರಾದರೆ ರನ್ನನ ಛಲದ ಪದ್ಯಕ್ಕೆ ಒಂದು ಸಾಲಿನ ಹೋಲಿಕೆ ಕೊಡಿ. ಅತಿಯಾಸೆ ಗತಿಗೇಡು ಎಂಬ ಗಾದೆಯಿಂದ ಮುಗಿಸುವ ಚಟ ಬಿಡಿ.

ಪ್ರ. ಗದಾಯುದ್ಧದ ಕೊನೆಯಲ್ಲಿ ಬಿದ್ದ ಕೌರವ ಎಷ್ಟು ಹೊತ್ತು ಮಾತಾಡಬೇಕು?

ಬಹಳ ಕಡಿಮೆ. ರಂಗಸ್ಥಳದಲ್ಲಿ ಬಿದ್ದ ಮೇಲೆ ಕಾಲು ಗಂಟೆ ಅರ್ಥ ಹೇಳುವ ಆಟಗಳಿವೆ. ತೊಡೆ ಮುರಿದವನಿಗೆ ಅಷ್ಟು ಉಸಿರು ಎಲ್ಲಿಂದ? ಮಾತನ್ನೆಲ್ಲ ಕೊಳದ ದಡದಲ್ಲೇ, ನೀರಿಗಿಳಿಯುವ ಮುಂಚೆಯೇ ಆಡಿಬಿಡಿ. ಒಳಗಿಳಿದ ಮೇಲೆ ಭೀಮನ ಮೂದಲಿಕೆಗೆ ನೀರೊಳಗೂ ಬೆವರಿದ ಎಂದು ರನ್ನ ಹೇಳಿದ ಆ ಮೈಯನ್ನು ಮಾತ್ರ ತೋರಿಸಿ.

ಬಿದ್ದ ಮೇಲೆ ಎರಡು ಕೆಲಸ ಉಳಿದಿರುತ್ತದೆ. ಭೀಮ ಎಡಗಾಲಿನಿಂದ ತಲೆಯನ್ನು ಮೆಟ್ಟುವಾಗ ಕಿರೀಟ ಜಾರುತ್ತದೆ. ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಹೊರಡುವ ಮೊದಲೇ ಕಿರೀಟದ ಕಟ್ಟನ್ನು ಒಂದು ಸುತ್ತು ಸಡಿಲ ಮಾಡಿಕೊಂಡಿರಬೇಕು, ಇಲ್ಲವಾದರೆ ಕುತ್ತಿಗೆಗೆ ಪೆಟ್ಟು. ಇನ್ನೊಂದು, ಜಾರಿದ ಕಿರೀಟದ ಕಡೆ ಕೌರವ ಕೈ ಚಾಚಬಾರದು. ಪಕ್ಕದಲ್ಲೇ ಬಿದ್ದಿದ್ದರೂ, ಕೈಗೆ ಸಿಗುವಂತಿದ್ದರೂ, ಅವನ ಕಣ್ಣು ಗದೆಯ ಮೇಲೆ ಇರಬೇಕು.